ಹಿಂದಕ್ಕೆ ಎಳೆಯದ ಕೈ

ನಮ್ಮ ಕರಾಟೆ ತರಗತಿಯಲ್ಲಿ ಒಂದು ನಿಯಮವಿತ್ತು. ಜೋಡಿ ಅಭ್ಯಾಸದಲ್ಲಿ ಹೊಡೆಯುವ ಪಾಳಿ ಯಾರದೋ ಅವರು ಹೊಡೆದ ಭಂಗಿಯಲ್ಲೇ ನಿಲ್ಲಬೇಕು. ಚಾಚಿದ ಕೈ ಚಾಚಿದಂತೆಯೇ ಇರಬೇಕು. ಎದುರಿನವರು ಅದನ್ನು ತಡೆದು, ಹಿಡಿದು, ತಿರುವಿ, ನೆಲಕ್ಕೆ ಕೆಡವುವ ತನಕ ಆ ಕೈ ಅವರದು. ಹೊಸಬರು ಯಾರಾದರೂ ನಡುವೆಯೇ ಕೈ ಹಿಂದಕ್ಕೆ ಎಳೆದುಕೊಂಡರೆ ನಮ್ಮ ಸರ್ ಸಿಳ್ಳೆ ಊದಿ, "ಏ, ಕೊಟ್ಟ ಕೈ ವಾಪಸ್ ತಗೋತಾರೇನ?" ಎಂದು ಗದರುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಲಿಯುವವರಿಗೆ ಆ ನಿಯಮ ಬೇಕು. ಯಾವ ಕಾಲು ಎಲ್ಲಿ, ಯಾವ ಮೊಣಕೈ ಎಷ್ಟು ಎಂದು ಕೂಡಿಸಿಕೊಳ್ಳುವಷ್ಟು ಹೊತ್ತು ಎದುರಿನ ಕೈ ನಿಂತಿರಬೇಕು. ಆದರೆ ಅದು ಕಲಿಕೆಯ ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ, ಹೊರಗಿನವರು ಯಾರೂ ಅದಕ್ಕೆ ಸಹಿ ಹಾಕಿಲ್ಲ ಎಂಬುದನ್ನು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು.

ನಾನು ಆಗ ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದ ಸರ್ ಅವರ ತರಗತಿಯಲ್ಲಿ ಸಹಾಯಕಿ. ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೆ. ಮಂಡಿಯ ಮೂಳೆಗಳ ಹೆಸರು, ಸ್ನಾಯು ಎಳೆದುಕೊಳ್ಳುವ ಬಗೆ ಎಲ್ಲ ಓದಿದ್ದೆ. ಪ್ರದರ್ಶನಗಳಲ್ಲಿ ಮಾತ್ರ ನನ್ನ ಕೆಲಸ ಒಂದೇ: ಮರದ ಚಾಕು ಹಿಡಿದು ಸರ್ ಮೇಲೆ ನುಗ್ಗುವುದು, ಆಮೇಲೆ ಚೆನ್ನಾಗಿ ಬೀಳುವುದು. ಬೀಳುವುದರಲ್ಲಿ ನಾನು ನಿಪುಣೆ. ಬೆನ್ನು ನೆಲ ಮುಟ್ಟುವ ಮುನ್ನ ಅಂಗೈ ಬಡಿದು ಸದ್ದು ಮಾಡುತ್ತಿದ್ದೆ. ಚಪ್ಪಾಳೆ ಬೀಳುತ್ತಿದ್ದುದು ಆ ಸದ್ದಿಗೆ.

ಖಾನಾಪುರದ ಮಹಿಳಾ ಸಂಘವೊಂದು ಆತ್ಮರಕ್ಷಣೆಯ ತರಗತಿ ಬೇಕೆಂದು ಕೇಳಿದಾಗ ಸರ್ ಒಪ್ಪಿದರು. ರವಿವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಕಲಿಸುವುದು. ಸೀರೆಯ ಮೇಲೆ ಗಂಡನ ಅಂಗಿ ತೊಟ್ಟವರು, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದವರು ಬರುತ್ತಿದ್ದರು. ಅರ್ಧ ಮಾತು ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ನಗು ಎರಡರಲ್ಲೂ. ಅವರಲ್ಲಿ ಎಲ್ಲರಿಗಿಂತ ಬೇಗ ಕಲಿತವರು ನಂದಗಡದಿಂದ ಬರುತ್ತಿದ್ದ ಒಬ್ಬ ಅಕ್ಕ. ಖಾನಾಪುರದಲ್ಲೇ ಮಣ್ಣಿನ ಹೂಜಿ, ಕುಂಡ ಮಾಡುವ ಘಟಕವೊಂದರಲ್ಲಿ ಚಕ್ರದ ಮೇಲೆ ಕೂರುವ ಕೆಲಸ ಅವರದು. ಅವರ ಮುಂಗೈ ಹಿಡಿದರೆ ಹಸಿ ಮರ ಹಿಡಿದಂತಿರುತ್ತಿತ್ತು.

"ಮೇಡಂ, ನೀವು ಕರಾಟೆ ಕಲಿತು ಗಟ್ಟಿ ಆಗೀರಿ. ನಾವು ಮಣ್ಣ ತುಳದ ಗಟ್ಟಿ ಆಗೇವಿ," ಎಂದು ಅವರು ಮೊದಲ ದಿನವೇ ನನ್ನನ್ನು ಛೇಡಿಸಿದ್ದರು.

ಚಾಕು ತಡೆಯಲು ಸರ್ ಕಲಿಸುತ್ತಿದ್ದುದು ಕ್ರಾಸ್ ಬ್ಲಾಕ್. ಚಾಕು ಹೊಟ್ಟೆಗೆ ಬಂದಾಗ ಎರಡೂ ಮುಂಗೈಗಳನ್ನು ಗುಣಾಕಾರದ ಗುರುತಿನಂತೆ ಅಡ್ಡಡ್ಡ ಕೂಡಿಸಿ ಹೊಡೆಯುವವನ ಮಣಿಕಟ್ಟಿನ ಮೇಲೆ ಕೆಳಕ್ಕೆ ಒತ್ತಬೇಕು. ಕೂಡಲೇ ಬಲಗೈ ತಿರುಗಿಸಿ ಅವನ ಮಣಿಕಟ್ಟು ಹಿಡಿದು, ಸೊಂಟ ತಿರುವಿ, ಅವನನ್ನು ಕೆಡವಬೇಕು. ನೋಡಲು ತುಂಬ ಚೆನ್ನ. ಆದರೆ ಅದರಲ್ಲಿ ಎರಡು ಬಾಗಿಲುಗಳು ತೆರೆದಿರುತ್ತವೆ. ಎರಡೂ ಕೈ ಕೆಳಗೆ ಹೋಗಿರುವುದರಿಂದ ಮುಖ, ಕತ್ತು ಬಯಲು. ಹಿಡಿಯಲೆಂದು ಬಲಗೈ ತಿರುಗಿಸುವ ಕ್ಷಣದಲ್ಲಿ ಅಂಗೈ ಅಲಗಿನ ದಾರಿಯಲ್ಲೇ ಇರುತ್ತದೆ. ಚಾಕುವಿನ ಕೈ ನಿಂತೇ ಇದ್ದರೆ ಇವೆರಡೂ ಕಾಣುವುದಿಲ್ಲ.

ಅದನ್ನು ಮೊದಲು ಕಂಡವಳು ಆ ತರಗತಿಯ ಅತ್ಯಂತ ಸಣ್ಣ ದನಿಯ ಹೆಂಗಸು. ಲೋಂಡಾದ ತವರಿನಿಂದ ಖಾನಾಪುರಕ್ಕೆ ಮದುವೆಯಾಗಿ ಬಂದವಳು, ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಒಂದು ರವಿವಾರ ನಾನು ಮರದ ಚಾಕು ಚಾಚಿ ನಿಂತಿದ್ದಾಗ ಆಕೆ ನನ್ನ ಕೈಯನ್ನೇ ನೋಡುತ್ತ, "ಸರ್, ನಮ್ಮನ್ಯಾಗಿನಾಂವ ಹಿಂಗ ನಿಂದರೂದಿಲ್ರೀ," ಎಂದಳು.

ಭವನವೆಲ್ಲ ನಗು. ಯಾರೋ ಮರಾಠಿಯಲ್ಲಿ, ನಮ್ಮನೆಯವನು ಕುಡಿದಾಗ ನಿಲ್ಲುವುದೇ ಇಲ್ಲ, ಬಿದ್ದೇ ಇರುತ್ತಾನೆ ಎಂದರು. ಮತ್ತಷ್ಟು ನಗು.

ಸರ್ ಕೂಡ ನಕ್ಕು, "ನಿಂದರಸೂದನ್ನ ಕಲಸಾಕ ಬಂದೀನಿ, ತಡಿಯವಾ," ಎಂದರು.

ಆಕೆ ಹೂಂ ಎಂದು ತಲೆಯಾಡಿಸಿದಳು. ಪಾಠ ಮುಂದುವರಿಯಿತು.

ಕೆಲವು ವಾರಗಳ ಬಳಿಕ ಒಂದು ರವಿವಾರ ಪಾಠ ಮುಗಿಯುತ್ತ ಬಂದಿತ್ತು. ಹಿಂಬಾಗಿಲು ತೆರೆದಿತ್ತು. ಮುಂಬಾಗಿಲ ಪಕ್ಕ ಸರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಆ ಸಣ್ಣ ದನಿಯವಳ ಗಂಡ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ. ಕೂಗಾಡಲಿಲ್ಲ. ಕೈಯಲ್ಲಿ ಕೋಳಿ ಅಂಗಡಿಯಲ್ಲಿ ಬಳಸುವಂಥ ಚಾಕು ಇತ್ತು. ಅದನ್ನು ಅವನು ತೊಡೆಗೆ ಒತ್ತಿ ಹಿಡಿದಿದ್ದ. ನಾನು ಅದನ್ನು ನೋಡಿಯೂ ಒಂದು ಗಳಿಗೆ ಮರದ್ದೆಂದೇ ತಿಳಿದೆ.

ಮೊದಲು ಎದ್ದವರು ಸರ್. ಅವರ ಎರಡೂ ಕೈ ಕ್ರಾಸ್ ಆಗಲಿಲ್ಲ. ಚಹಾದ ಲೋಟ ಬಿಟ್ಟು, ಕೂತಿದ್ದ ಕುರ್ಚಿಯನ್ನೇ ಎತ್ತಿ, ನಾಲ್ಕೂ ಕಾಲುಗಳನ್ನು ಅವನ ಕಡೆಗೆ ಮಾಡಿ ಹಿಂದೆ ಹಿಂದೆ ಹೆಜ್ಜೆ ಇಟ್ಟರು. "ಹಿಂದಿನ ಬಾಗಲದಿಂದ ಹೊರಗ ಓಡ್ರಿ! ಎಲ್ಲಾರೂ ಓಡ್ರಿ!" ಎಂದು ಚೀರಿದರು. ಹಲವರು ಓಡಿದರು. ಹೆಂಡತಿ ಮಾತ್ರ ಗೋಡೆಗೆ ಅಂಟಿ ನಿಂತುಬಿಟ್ಟಳು. ಅವನು ಆಕೆಯ ಕಡೆ ತಿರುಗಿದ.

ಆಗ ನಂದಗಡದ ಅಕ್ಕ ನಡುವೆ ಬಂದರು.

ಅವರು ಕ್ರಾಸ್ ಬ್ಲಾಕ್ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ. ಇವತ್ತಿಗೂ ಕಣ್ಣು ಮುಚ್ಚಿದರೆ ಅದು ನಿಧಾನವಾಗಿ ನಡೆಯುತ್ತದೆ. ಎಡಗಾಲು ಮುಂದೆ, ಮೊಣಕಾಲು ಸರಿಯಾಗಿ ಬಾಗಿದೆ, ಮುಂಗೈಗಳು ಅವನ ಮಣಿಕಟ್ಟಿನ ಮೇಲೆ ಕರಾರುವಾಕ್ಕಾಗಿ ಇಳಿದಿವೆ. ಚಾಕು ಹೊಟ್ಟೆಯ ಮುಂದೆ ನಿಂತಿದೆ. ಪರೀಕ್ಷೆಯಲ್ಲಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಆಮೇಲೆ ಬಲಗೈ ಹಿಡಿಯಲು ತಿರುಗುತ್ತದೆ.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅಷ್ಟೇ. ಅವನಿಗೆ ಯಾವ ವಿದ್ಯೆಯೂ ಗೊತ್ತಿರಲಿಲ್ಲ. ಬಿಸಿ ಹಂಚಿಗೆ ತಗುಲಿದ ಕೈಯನ್ನು ಯಾರಾದರೂ ಎಳೆದುಕೊಳ್ಳುವಂತೆ ಎಳೆದುಕೊಂಡ. ಅಲಗು ಅಕ್ಕನ ಹೆಬ್ಬೆರಳಿನ ಬುಡದಲ್ಲಿ ಅಂಗೈಯನ್ನು ಸೀಳುತ್ತ ಹೊರಬಂತು.

ಅವನು ಎರಡನೆಯ ಸಲ ಕೈ ಎತ್ತಿದಾಗ ಸರ್ ಓಡಿಬಂದು ಕುರ್ಚಿಯ ಕಾಲುಗಳಿಂದ ಅವನನ್ನು ಗೋಡೆಗೆ ಒತ್ತಿದರು. ಅವನ ತೋಳು ಎರಡು ಕಾಲುಗಳ ಮಧ್ಯೆ ಸಿಕ್ಕಿಕೊಂಡಿತು. ಚಹಾ ಅಂಗಡಿಯವರು, ಆಟೋದವರು ಬಂದು ಚಾಕು ಕಿತ್ತುಕೊಂಡರು. ಅಕ್ಕ ನೆಲದ ಮೇಲೆ ಕೂತು ತಮ್ಮ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ವೇಲಿನಿಂದ ಬಿಗಿದು ಕಟ್ಟಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದೆ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವರು ಕೇಳಿದ್ದು ಒಂದೇ: "ಆಕಿಗೇನೂ ಆಗಿಲ್ಲ ಹೌದಿಲ್ರಿ?"

ಖಾನಾಪುರದಲ್ಲಿ ರಕ್ತ ನಿಲ್ಲಿಸಿ ಬೆಳಗಾವಿಗೆ ಕಳಿಸಿದರು. ಹೆಬ್ಬೆರಳನ್ನು ಮಡಿಸುವ ಸ್ನಾಯುರಜ್ಜು ತುಂಡಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಕೂಡಿಸಿದ ವೈದ್ಯರು, ಬೆರಳು ಎಷ್ಟು ಮಡಿಸಲು ಬರುತ್ತದೆ ಎಂಬುದನ್ನು ಈಗಲೇ ಹೇಳಲಾಗದು ಎಂದರು. ಚಕ್ರದ ಮೇಲೆ ತಿರುಗುವ ಮಣ್ಣಿನ ಮುದ್ದೆಯ ನಡುವಿಗೆ ಮೊದಲು ಇಳಿಯುವುದು ಹೆಬ್ಬೆರಳೇ. ಅಕ್ಕನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಸರ್ ಸೇಬು ಹಿಡಿದು ಆಸ್ಪತ್ರೆಗೆ ಬಂದರು. ಮಂಚದ ಅಂಚಿಗೆ ಕೂತು ಅಕ್ಕನ ಭುಜ ತಟ್ಟಿದರು.

"ಭಾಳ ಧೈರ್ಯ ಮಾಡಿದಿ ಯವ್ವಾ. ಆದ್ರ ಬಲಗೈ ಒಂದ ಚೂರು ತಡ ಆತು ನಿಂದು. ಇರ್ಲಿ, ರೂಢಿ ಆದ್ರ ಬರ್ತಿತ್ತು."

ಅಕ್ಕ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ, "ಹೌದ್ರಿ ಸರ್, ತಡ ಆತು," ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ತಡವಾಗಿರಲಿಲ್ಲ.

ಆ ನಂತರದ ದಿನಗಳಲ್ಲಿ ಬಸ್ಸಿನಲ್ಲಿ ಪಕ್ಕದವರು ಟಿಕೆಟ್ಟಿಗೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರೂ ನನಗೆ ಆ ಅಲಗೇ ಕಾಣುತ್ತಿತ್ತು. ಅನ್ನ ಉಣ್ಣುವಾಗ, ಬೀಗ ಹಾಕುವಾಗ ಅದೇ ದೃಶ್ಯ. ಆದರೆ ಪದೇ ಪದೇ ಬರುತ್ತಿದ್ದುದು ಚಾಕು ಮಾತ್ರವಲ್ಲ, ಕುರ್ಚಿಯೂ. ಸರ್ ಹೆದರಿ ಹಿಂದೆ ಸರಿದಿರಲಿಲ್ಲ. ಅವರ ಹೆಜ್ಜೆಗಳಲ್ಲಿ ಗೊಂದಲವಿರಲಿಲ್ಲ. ಅಂತರ ಕಾಯ್ದುಕೊಂಡರು, ನಡುವೆ ವಸ್ತು ಇಟ್ಟುಕೊಂಡರು, ಓಡಲು ಹೇಳಿದರು, ಸಮಯ ನೋಡಿ ತೋಳನ್ನು ಸಿಕ್ಕಿಸಿದರು. ಯೋಚಿಸಿ ಮಾಡುವಷ್ಟು ಹೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಅವರ ದೇಹಕ್ಕೆ ಅದು ಮೊದಲೇ ಗೊತ್ತಿತ್ತು. ನಮಗೆ ಕಲಿಸಿದ್ದು ಬೇರೆ.

ಪತ್ರಿಕೆಯಲ್ಲಿ ಬಂತು: ಬರಿಗೈಯಲ್ಲಿ ಚಾಕು ತಡೆದ ಕರಾಟೆ ಗುರು. ಸುದ್ದಿಯಲ್ಲಿ ಕುರ್ಚಿ ಇರಲಿಲ್ಲ. ಅಕ್ಕ "ಗಾಯಗೊಂಡ ಓರ್ವ ಮಹಿಳೆ" ಆಗಿದ್ದರು. ಸರ್ ಅದನ್ನು ತಿದ್ದುತ್ತಾರೆಂದು ಕಾದೆ. ತಿದ್ದಲಿಲ್ಲ. ಮಳೆಗಾಲದಲ್ಲಿ ಬೆಳಗಾವಿಯ ಕೆಲವರು ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡರು. ಅಲ್ಲಿ ಆ ದಿನದ ಘಟನೆಯನ್ನು ವೇದಿಕೆಯ ಮೇಲೆ ಮಾಡಿ ತೋರಿಸಬೇಕಂತೆ.

"ಚಾಕು ನಿಂದು, ಮಗಳ. ಕ್ರಾಸ್ ಹಾಕಿ ಕೆಡವತೀನಿ. ಸದ್ದು ಜೋರ ಬರ್ಲಿ," ಎಂದು ಸರ್ ಹೇಳಿದರು.

ಅಭ್ಯಾಸಕ್ಕೆ ಎರಡು ದಿನ ಇತ್ತು. ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ನಿಂತು ಮರದ ಚಾಕು ಚಾಚಿ ಹಿಂದಕ್ಕೆ ಎಳೆಯುವುದನ್ನು ಕಲಿಯತೊಡಗಿದೆ. ಅಷ್ಟು ಸುಲಭದ್ದು ನನಗೆ ಬರಲಿಲ್ಲ. ಕೈ ಚಾಚಿದ ಕೂಡಲೇ ಭುಜ ತಾನಾಗಿ ಬೀಗ ಹಾಕಿಕೊಂಡು ನಿಲ್ಲುತ್ತಿತ್ತು, ಇನ್ನೊಬ್ಬರು ಬಂದು ಹಿಡಿಯಲಿ ಎಂದು ಕಾಯುವಂತೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಬೀರೂನ ಮ್ಯಾಲೆ ಏನ್ ಸಿಟ್ಟ ಐತಿ ನಿಂದು?" ಎಂದಳು. ಬಹಳ ಹೊತ್ತಿನ ಮೇಲೆ ಕೈ ಹಿಂದಕ್ಕೆ ಬರತೊಡಗಿತು.

ರಂಗಪಂಚಮಿಗೆ ತಂದು ಉಳಿದಿದ್ದ ಕೆಂಪು ಬಣ್ಣವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಡಬ್ಬಿಯಲ್ಲಿ ಒಯ್ದೆ. ತರಗತಿಯಲ್ಲಿ ನಾವಿಬ್ಬರೇ ಇದ್ದೆವು. ಮರದ ಚಾಕುವಿನ ಅಂಚಿಗೆ ಬಣ್ಣ ಹಚ್ಚುವುದನ್ನು ಸರ್ ನೋಡಿದರು.

"ರಕ್ತಾ ತೋರಸಾಕೇನು? ಚಲೋ ಐಡಿಯಾ," ಎಂದರು.

ನುಗ್ಗಿದೆ. ಅವರು ಎಂದಿನಂತೆ ಅಂದವಾಗಿ ಕೈಗಳನ್ನು ಕೂಡಿಸಿ ಇಳಿಸಿದರು. ಎಳೆದುಕೊಂಡೆ. ಮತ್ತೆ ಚಾಚಿದೆ. ಎಲ್ಲ ಒಂದು ಉಸಿರಿನಲ್ಲಿ ಮುಗಿಯಿತು. ಸರ್ ಅವರ ಹೆಬ್ಬೆರಳಿನ ಬುಡದಿಂದ ಅಂಗೈಗೆ ಒಂದು ಕೆಂಪು ಗೆರೆ, ಬಿಳಿ ಅಂಗಿಯ ಕಾಲರಿನ ಪಕ್ಕ ಕತ್ತಿನ ಮೇಲೆ ಇನ್ನೊಂದು.

ಅವರು ಸಿಳ್ಳೆ ಊದಲಿಲ್ಲ. ಅಂಗೈ ನೋಡಿಕೊಂಡು, "ಚಲೋ ಎಳದಿ," ಎಂದರು.

"ಸರ್, ಅವತ್ತ ನೀವು ಕುರ್ಚಿ ಯಾಕ ಹಿಡದ್ರಿ?"

"ಮತ್ತೇನ ಹಿಡೀಬೇಕಿತ್ತು?"

"ಅವನ ಕೈ ಹಿಡೀಬೇಕಿತ್ತಲ್ರಿ. ಕ್ರಾಸ್ ಹಾಕಿ."

ಸರ್ ನಕ್ಕುಬಿಟ್ಟರು. "ಹುಚ್ಚಿ, ಖರೇ ಚಾಕುವಿನ ಮುಂದ ಯಾರರ ಕೈ ಒಡ್ಡತಾರೇನು?"

ಹೊರಗೆ ಮಳೆ ನಿಂತು ತಗಡಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆ ಅಕ್ಕ ಒಡ್ಡಿದರಲ್ರಿ," ಎಂದೆ.

ಅವರು ಗೋಡೆಗೆ ಒರಗಿ ಕೂತರು. ಕುಳಿತುಕೋ ಎಂದು ನನಗೂ ಕೈ ಮಾಡಿದರು. ನಾನು ಕೂರಲಿಲ್ಲ.

"ನೋಡು, ಇದೇನ ನನ್ನೊಬ್ಬನ ಗುಟ್ಟಲ್ಲ. ನಾ ಸ್ವಂತ ಕ್ಲಾಸ್ ತಗದ ದಿವಸ ನಮ್ಮ ಮಾಸ್ತರು ಬಾಜೂಕ ಕರದು ಹೇಳಿದ್ರು. ಚಾಕುವಿನ ಪಾಠ ನೋಡಾಕ ಐತಿ, ಖರೇ ಚಾಕು ಬಂದ್ರ ಕುರ್ಚಿ ಹುಡುಕು, ಬಾಗಲಾ ಹುಡುಕು ಅಂತ. ಅವರಿಗೂ ಅವರ ಮಾಸ್ತರು ಹಂಗ ಹೇಳಿದ್ರಂತ. ನಿನಗೂ ಹೇಳಾಂವ ಇದ್ದೆ. ನಿನ್ನ ಕ್ಲಾಸ್ ಸುರು ಆಗೂ ದಿವಸ."

"ಖಾನಾಪುರದಾವರಿಗೆ ಯಾವಾಗ ಹೇಳಾವರಿದ್ರಿ?"

"ಅವರೇನ್ ಕ್ಲಾಸ್ ತಗೀತಾರೇನ?"

ಇದನ್ನು ಅವರು ಕ್ರೌರ್ಯದಿಂದ ಹೇಳಲಿಲ್ಲ. ನನ್ನ ಪ್ರಶ್ನೆ ಅವರಿಗೆ ನಿಜವಾಗಿ ವಿಚಿತ್ರವಾಗಿ ಕಂಡಿತ್ತು. ಅದೇ ನನ್ನನ್ನು ಈಗಲೂ ಚುಚ್ಚುತ್ತದೆ.

"ಓಡ್ರಿ, ಚೀರ್ರಿ, ಕುರ್ಚಿ ಎತ್ತರಿ ಅಂತ ಹೇಳಿದ್ರ ಯಾರು ಕಲ್ಯಾಕ ಬರ್ತಾರ? ಅದಕ್ಕ ಬೆಲ್ಟ್ ಕೊಡ್ತಿಯೇನ? ಆ ಹೆಣ್ಮಕ್ಕಳು ಕ್ರಾಸ್ ಕಲತು ತಲಿ ಎತ್ತಿ ನಡದ್ರು. ಧೈರ್ಯ ಬಂತಲ್ಲ, ಅದ ಅರ್ಧಾ ಕೆಲಸ."

ಧೈರ್ಯ ಬಂದಿತ್ತು. ಆ ಧೈರ್ಯದಿಂದಲೇ ಅಕ್ಕ ನಡುವೆ ಬಂದು ನಿಂತದ್ದು. ಅವರ ಕೈಗೆ ಆ ಧೈರ್ಯ ಕೊಟ್ಟವರೇ ಆ ಕೈ ಹೋಗಿ ನಿಲ್ಲುವ ಜಾಗ ಬಯಲೆಂದು ಬಲ್ಲವರಾಗಿದ್ದರು. ಆಮೇಲೆ ಆಸ್ಪತ್ರೆಗೆ ಸೇಬು ತಂದು, ತಡ ಮಾಡಿದೆ ಎಂದಿದ್ದರು.

"ಅಕ್ಕನ ಕೈ ತಡ ಆಗಿರಲಿಲ್ಲ ಸರ್."

ಅವರು ಕತ್ತಿನ ಬಣ್ಣವನ್ನು ಕರವಸ್ತ್ರದಿಂದ ಒರೆಸಿಕೊಂಡರು. ಅದು ಹೋಗಲಿಲ್ಲ, ಹರಡಿತು. "ರವಿವಾರ ಸ್ಟೇಜ್ ಮ್ಯಾಲೆ ಕೈ ಎಳೀಬ್ಯಾಡ," ಎಂದರು. ಎದ್ದುಹೋಗಿ ನಲ್ಲಿಯ ಕೆಳಗೆ ಕೈ ಹಿಡಿದರು.

ವೇದಿಕೆಯ ಮೇಲೆ ಕೈ ಎಳೆದು ಎಲ್ಲರೆದುರು ಅವರನ್ನು ಕೆಂಪು ಮಾಡುವ ಆಸೆ ನನಗೆ ಬಂದಿತ್ತು. ಸುಳ್ಳು ಹೇಳುವುದಿಲ್ಲ. ಆದರೆ ಆ ಚಪ್ಪಾಳೆಯವರಿಗೆ ಅದು ಇನ್ನೊಂದು ಆಟವಾಗಿ ಕಾಣುತ್ತಿತ್ತು. ಅದನ್ನು ತಿಳಿಯಬೇಕಾದವರು ಅಲ್ಲಿರಲಿಲ್ಲ. ಒಂದು ಸಂಶಯವನ್ನೂ ಹೇಳಿಬಿಡುತ್ತೇನೆ. ನಾನು ಹೇಳಿದರೆ ಖಾನಾಪುರದ ಹೆಂಗಸರಿಗೆ ಉಳಿದಿದ್ದ ಅಷ್ಟು ಧೈರ್ಯವೂ ಹೋದೀತೆ? ಆದರೂ ಬಯಲು ಎಲ್ಲಿದೆಯೆಂದು ತಿಳಿಯುವ ಹಕ್ಕು ಆ ಬಯಲಲ್ಲಿ ನಿಲ್ಲುವವರದು. ಸನ್ಮಾನಕ್ಕೆ ಬರುವುದಿಲ್ಲವೆಂದು ಸರ್ ಅವರಿಗೆ ಫೋನಿನಲ್ಲಿ ಹೇಳಿದೆ. ಕಾರಣ ಕೇಳಲಿಲ್ಲ. ಬೀಳಲು ಬೇರೆ ಹುಡುಗಿಯನ್ನು ಹುಡುಕಿಕೊಂಡರು. ಆ ರವಿವಾರ ನಾನು ಖಾನಾಪುರದ ಬಸ್ಸು ಹತ್ತಿದೆ.

ತರಗತಿ ನಿಂತುಹೋಗಿತ್ತು. ಫೋನು ಮಾಡಿ ಕರೆದದ್ದಕ್ಕೆ ಕೆಲವರಷ್ಟೇ ಬಂದಿದ್ದರು. ಲೋಂಡಾದ ತವರಿನಲ್ಲೇ ಉಳಿದಿದ್ದ ಸಣ್ಣ ದನಿಯವಳೂ ರೈಲು ಹಿಡಿದು ಬಂದಿದ್ದಳು. ಅವಳ ಗಂಡ ಇನ್ನೂ ಜೈಲಿನಲ್ಲಿದ್ದ. ಅಕ್ಕ ಕೊನೆಗೆ ಬಂದರು. ಕೈಯ ಪಟ್ಟಿ ಬಿಚ್ಚಿದ್ದರು. ಹೆಬ್ಬೆರಳು ಅರ್ಧಕ್ಕೆ ಮಡಿಯುತ್ತಿತ್ತು, ಅಲ್ಲಿಗೆ ನಿಲ್ಲುತ್ತಿತ್ತು. ಘಟಕದಲ್ಲಿ ಅವರನ್ನು ಚಕ್ರದಿಂದ ಎಬ್ಬಿಸಿ ಬಣ್ಣ ಹಚ್ಚುವಲ್ಲಿ ಕೂರಿಸಿದ್ದರು.

ನಡೆದುದನ್ನೆಲ್ಲ ಹೇಳಿದೆ. ಸರ್ ಅವರ ಮಾಸ್ತರು ಪಕ್ಕಕ್ಕೆ ಕರೆದು ಹೇಳಿದ ಮಾತನ್ನೂ ಬಿಡಲಿಲ್ಲ.

ಅಕ್ಕ ಬಲಗೈ ಹೆಬ್ಬೆರಳನ್ನು ಮಡಿಸಿ ನೋಡಿಕೊಂಡರು. ಆಮೇಲೆ, "ಅಂದ್ರ ನಾ ತಡ ಮಾಡಿರಲಿಲ್ರಿ?" ಎಂದು ಕೇಳಿದರು.

"ಇಲ್ಲಕ್ಕಾ. ನೀವು ಕರೆಕ್ಟ್ ಮಾಡಿದ್ರಿ."

"ದಿನಾ ಮಲಗೂ ಮುಂದ ಮಾಡಿ ನೋಡತಿದ್ದೆ, ಮೇಡಂ. ಎಲ್ಲಿ ತಡ ಆತು ಅಂತ." ಮೂಗು ಒರೆಸಿಕೊಂಡು, "ಹಾಳಾದ್ದು, ಕರೆಕ್ಟ್ ಮಾಡಿ ಬೆರಳ ಕಳಕೊಂಡೆ ನೋಡ್ರಿ," ಎಂದರು. ಯಾರಿಗೂ ನಗು ಬರಲಿಲ್ಲ.

ಸಣ್ಣ ದನಿಯವಳು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ತಂದು ಅಕ್ಕನ ಮುಂದೆ ಇಟ್ಟಳು. ಅಕ್ಕ ಎದ್ದರು. ಎಡಗೈಯಿಂದ ಬೆನ್ನನ್ನು, ಹೆಬ್ಬೆರಳು ಅರ್ಧವೇ ಮಡಿಯುವ ಬಲಗೈಯಿಂದ ಅಂಚನ್ನು ಹಿಡಿದು ಎತ್ತಿ, ಕಾಲುಗಳನ್ನು ನನ್ನ ಕಡೆ ತಿರುಗಿಸಿದರು.

"ಬರ್ರಿ."

ಮರದ ಚಾಕು ಹಿಡಿದು ನುಗ್ಗಿದೆ. ಕುರ್ಚಿಯ ಕಾಲು ನನ್ನ ತೋಳಿಗೆ ತಗುಲಿತು, ಚಾಕು ಅವರ ಹೊಟ್ಟೆಯಿಂದ ದೂರದಲ್ಲೇ ಉಳಿಯಿತು. ಮತ್ತೆ ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಬೀರುವಿನ ಮುಂದೆ ಕಲಿತದ್ದು, ಸರ್ ಮುಂದೆ ಮಾಡಿ ತೋರಿಸಿದ್ದು ಎಲ್ಲ ಮಾಯ. ಅಕ್ಕನ ಆ ಅಂಗೈ ಎದುರಿಗಿತ್ತು. ಚಾಚಿದ ಕೈ ಚಾಚಿದಂತೆಯೇ, ಶಿಸ್ತಿನಿಂದ, ಯಾರಾದರೂ ಬಂದು ಹಿಡಿಯಲೆಂದು ಕಾಯುತ್ತಿತ್ತು.

ಅಕ್ಕ ಕುರ್ಚಿಯ ಮೇಲಿಂದ ನನ್ನ ಮುಖ ನೋಡಿದರು.

"ಎಳೀರಿ ಮೇಡಂ. ಅಂವ ಎಳದಂಗ ಎಳೀರಿ."

ಎಳೆದೆ.